ಆಮೋಸನ ಚೀಟಿಯಲ್ಲಿದ್ದ ಪದ

ನನ್ನ ಗಂಡ ಆಮೋಸ್ ಶೋರಕ್ ಬಹಳ ಮಾತಾಡುತ್ತಿದ್ದ. ಅದನ್ನು ಮುಚ್ಚಿಡುವುದಿಲ್ಲ. ಬರ್ನ್ಲಿ ಊರಿನ ನಮ್ಮ ಬೀದಿಯಲ್ಲಿ ಅವನು ಬರುವುದು ಕಂಡರೆ ಹೊಸ್ತಿಲು ತೊಳೆಯುತ್ತಿದ್ದ ಹೆಂಗಸರು ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಬ್ರೆಡ್ಡು ತರಲು ಹೋದವನು ಒಂದು ಗಂಟೆಯಾದ ಮೇಲೆ ಬರಿಗೈಯಲ್ಲಿ ಬರುತ್ತಿದ್ದ.

"ಬ್ರೆಡ್ಡೆಲ್ಲಯ್ಯಾ?"

"ಅದನ್ನೇ ಹೇಳೋಕೆ ಬಂದೆ ಕಣೇ ಹೆಟ್ಟಿ. ದಾರೀಲಿ ಯಾರು ಸಿಕ್ಕಿದ್ರು ಗೊತ್ತಾ?"

ಯಾವುದನ್ನೂ ನೆಟ್ಟಗೆ ಹೇಳಿದವನಲ್ಲ. ತನ್ನ ಹಲ್ಲು ನೋಯುತ್ತಿದೆ ಎನ್ನಲು ಅವರಪ್ಪನ ಹಲ್ಲಿನಿಂದ ಶುರು ಮಾಡುತ್ತಿದ್ದ. ಕಾದರೆ ಕೊನೆಗೆ ವಿಷಯ ಬರುತ್ತಿತ್ತು. ಕಾಯುವವರು ಇರಲಿಲ್ಲ.

ನಾವಿಬ್ಬರೂ ಹತ್ತಿ ಗಿರಣಿಯಲ್ಲಿ ನೇಯುವವರು. ನೂರಾರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕಿವಿ ಇದ್ದೂ ಇಲ್ಲ. ಸದ್ದಿಲ್ಲದೆ ತುಟಿ ಆಡಿಸಿ ಮಾತಾಡುತ್ತೇವೆ, ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತೇವೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಮಾತು ಮುಟ್ಟುತ್ತದೆ. ಸಾಕಾದರೆ ಮುಖ ತಿರುಗಿಸಿದರಾಯಿತು. ಅದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಮೂವತ್ತೊಂದು ವರ್ಷ ಆಮೋಸನಿಗೆ ನಾನು ಹಾಗೆ ಮಾಡಿದ್ದೇನೆ.

ಸಾವಿರದ ಒಂಬೈನೂರ ಐವತ್ತನಾಲ್ಕರ ಮಾರ್ಚಿನಲ್ಲಿ ಅವನಿಗೆ ಹರ್ನಿಯಾ ಆಯಿತು. ನಮ್ಮ ಮಾಮೂಲಿ ಡಾಕ್ಟರು ಚೀಟಿ ಬರೆದು ಆಸ್ಪತ್ರೆಗೆ ಕಳಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಹತ್ತು ದಿನ ಮಂಚದಿಂದ ಇಳಿಯಬಾರದು ಎಂದರು. ನೋಡಲು ಬಿಡುತ್ತಿದ್ದುದು ಬುಧವಾರ ಮತ್ತು ಭಾನುವಾರ, ಒಂದೊಂದು ಗಂಟೆ.

ಬುಧವಾರ ಹೋದಾಗ ಸಿಸ್ಟರ್ ಬಾಗಿಲಲ್ಲೇ ಹಿಡಿದರು. "ನಿಮ್ಮ ಯಜಮಾನರಿಗೆ ಸ್ವಲ್ಪ ಹೇಳಿಯಮ್ಮ. ಪಕ್ಕದ ಮಂಚದೋರು ಹತ್ತಿ ತಗೊಂಡು ಕಿವೀಲಿ ತುರುಕಿಕೊಂಡಿದ್ದಾರೆ."

ನನಗೆ ನಾಚಿಕೆಯಾಯಿತು. ನೇರವಾಗಿ ಮಂಚದ ಹತ್ತಿರ ಹೋಗಿ ಅಂದೆ: "ಬಾಯಿಗೆ ಬೀಗ ಹಾಕ್ಕೋ. ನನ್ನ ಮರ್ಯಾದೆ ತೆಗೀಬೇಡ."

"ಆಯ್ತು ಕಣೇ. ಯಾರ ಹತ್ರಾನೂ ಉಸಿರೆತ್ತಲ್ಲ."

ಮಾತಿಗೆ ತಪ್ಪಲಿಲ್ಲ. ಆಮೇಲೆ ನರ್ಸುಗಳ ಹತ್ತಿರ ಒಂದು ಶಬ್ದವೂ ಆಡಲಿಲ್ಲವಂತೆ.

ಭಾನುವಾರ ಬಸ್ಸು ಕೆಟ್ಟಿತು. ನಾನು ತಲುಪುವಾಗ ಉಳಿದಿದ್ದು ಐದು ನಿಮಿಷ. ಅವನ ಮುಖ ಬೆವೆತಿತ್ತು. ವಾರ್ಡು ಬಿಸಿಯಿದೆ ಅಂದುಕೊಂಡೆ.

"ಹೆಟ್ಟಿ, ನಮ್ಮಜ್ಜನ ಕಲ್ಲಿದ್ದಲು ಗಾಡಿಗೆ ಒಂದು ಕುದುರೆ ಇತ್ತಲ್ಲ, ಕಾಲುವೆ ಸೇತುವೆ ಮೇಲೆ ಜಾರಿ..."

"ಕುದುರೆ ಬುಧವಾರ ಬರಲಿ. ನಿಂಗೇನು ತರ್ಬೇಕು ಹೇಳು."

"ಹೇಳ್ತೀನಿ ಇರೇ. ಆ ಕುದುರೆ ಇದೆಯಲ್ಲ..."

ಗಂಟೆ ಹೊಡೆಯಿತು. ಸಿಸ್ಟರ್ ಎಲ್ಲರನ್ನೂ ಹೊರಡಿಸಿದರು. ಬಾಗಿಲಲ್ಲಿ ನಿಂತು ಹಿಂದೆ ನೋಡಿದೆ. ವಾರ್ಡಿನ ಆ ತುದಿಯಿಂದ ಅವನ ತುಟಿ ಆಡುತ್ತಿತ್ತು. ಕುದುರೆ, ಅಂದ. ಕುದುರೆಯ ಕಾಲು, ಅಂದ. ನಾನು ಮುಖ ತಿರುಗಿಸಿದೆ.

ಸೋಮವಾರ ಬೆಳಿಗ್ಗೆ ಪೊಲೀಸಿನವನು ಬಂದು ಬಾಗಿಲು ತಟ್ಟಿ ಟೋಪಿ ತೆಗೆದ. ಆಮೋಸ್ ರಾತ್ರಿ ತೀರಿಕೊಂಡಿದ್ದ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಏರಿತ್ತು.

ಅವನ ಬಟ್ಟೆ ತರಲು ಆಸ್ಪತ್ರೆಗೆ ಹೋದಾಗ ವಾರ್ಡಿನ ನೆಲ ಒರೆಸುವ ಎಡ್ನಾ ಪಿಕಪ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. ಮೊದಲು ನಮ್ಮ ಶೆಡ್ಡಿನಲ್ಲೇ ನೇಯುತ್ತಿದ್ದವಳು.

"ನೀನು ಹೋದ್ಮೇಲೂ ಹೇಳ್ತಾನೇ ಇದ್ದ ಹೆಟ್ಟಿ, ನಿನ್ನ ಬೆನ್ನಿಗೆ. ನಾನು ಅವನ ತುಟಿ ಓದಿದೆ. ಆ ಕುದುರೆ ಹಂಗೇ ನನ್ನ ಕಾಲೂ ಊದಿದೆ, ಸುಡ್ತಿದೆ, ಸಿಸ್ಟರಿಗೆ ನೀನೇ ಹೇಳು ಅಂದ. ನಾನೇ ಹೋಗಿ ಹೇಳ್ದೆ ಕಣೇ. ಅವರು ನಿಮ್ಮ ಡಾಕ್ಟರ ಚೀಟಿ ತೋರ್ಸಿ ನಕ್ರು. ನೋಡು, ಇಲ್ಲೇ ಬರ್ದಿದೆ, ಅವನದು ಮುಗಿಯೋ ಕಥೆಯಲ್ಲ ಅಂದ್ರು. ಒಂದು ಪದಕ್ಕೆ ಅಡಿಗೆರೆ ಹಾಕಿತ್ತು."

ಅದನ್ನು ಅವಳು ಸೋಪಿನ ಕಾಗದದ ಮೇಲೆ ಬರೆದುಕೊಂಡಿದ್ದಳು. ಇಂಗ್ಲಿಷಿನ ಒಂಬತ್ತು ಅಕ್ಷರ. ಗ್ಯಾರುಲಸ್. ನಾನು ಹನ್ನೆರಡಕ್ಕೇ ಗಿರಣಿ ಸೇರಿದವಳು, ನನಗೆ ತಿಳಿಯಲಿಲ್ಲ. ಹೂತು ಬಂದ ಮೂರನೆಯ ದಿನ ಆ ಕಾಗದ ಹಿಡಿದು ಊರಿನ ಲೈಬ್ರರಿಗೆ ಹೋದೆ. ಅಲ್ಲಿನ ಹುಡುಗಿ ದಪ್ಪ ಪುಸ್ತಕ ತೆರೆದಳು.

"ತೀರಾ ಜಾಸ್ತಿ ಮಾತಾಡೋರು ಅಂತ ಅರ್ಥ. ಅದೂ ಸಣ್ಣಪುಟ್ಟ ವಿಷಯಕ್ಕೆ, ಸುತ್ತಿ ಬಳಸಿ."

"ವಾಚಾಳಿ ಅಂದ್ರೆ ಸಾಲ್ದಾ?"

"ಅದನ್ನ ಮುಖಕ್ಕೇ ಅಂದುಬಿಡ್ತೀವಿ. ಇದು ಹಾಗಲ್ಲ. ಓದಿದವರು ಬರವಣಿಗೇಲಿ ಬಳಸ್ತಾರೆ. ವಯಸ್ಸಾದವರಿಗೇ ಹೆಚ್ಚು."

"ಇದು ಕಾಯಿಲೇನಾ?"

"ಇಲ್ಲಮ್ಮ."

"ಮತ್ತೆ ಕಾಯಿಲೆ ಬರೆಯೋ ಜಾಗದಲ್ಲಿ ಯಾಕೆ ಬರೀತಾರೆ?"

ಅವಳು ಪುಸ್ತಕ ಮುಚ್ಚಿದಳು. "ಯಾರಮ್ಮ ಹಾಗಂದೋರು?"

"ಡಾಕ್ಟರು" ಅಂದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದಿನದನ್ನು ಅವಳಿಗೆ ಹೇಳಲಾಗಲಿಲ್ಲ.

ಡಾಕ್ಟರ ಮೇಲೆ ಸಿಟ್ಟಿದೆ, ಸಿಸ್ಟರ್ ಮೇಲೂ ಇದೆ. ಆದರೆ ಅವರಿಗೆ ತುಟಿ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು.