ಒತ್ತಕ್ಷರ ಕಾಲು ಚಾಚಿದ್ದು

ಅಲಂಕಾರದ ಅಕ್ಷರಕ್ಕೆ ಸೊಕ್ಕು ಜಾಸ್ತಿ. ಕೊಂಬು, ದೀರ್ಘಗಳನ್ನು ಬೀಸಿ ಎಳೆದುಕೊಂಡು, ಅಕ್ಕಪಕ್ಕದವರನ್ನು ಸರಿಸಿ ಕೂರುತ್ತದೆ. ಮುಹೂರ್ತ, ವಿಳಾಸಗಳನ್ನೂ ಅದರಲ್ಲೇ ಹಾಕಿದರೆ ನೆಂಟರು ಮದುವೆ ಮುಗಿದ ಮೇಲೆ ಬಂದಾರು. ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗೆ ಮಾತ್ರ ಅದು. ಉಳಿದದ್ದಕ್ಕೆ ಸಾದಾ ಅಕ್ಷರ ಸಾಕು. ಮರಾಠಿ ನಾಡಿನ ಕಾತ್ರಜದ ಛಾಪಖಾನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ನಾನು ಕಲಿತದ್ದು ಇಷ್ಟು. ನನಗೂ ಸೊಕ್ಕಿದೆ ಎಂದು ಮಾಲೀಕರು ಹೇಳುತ್ತಿದ್ದರು. ಇರಲಿ.

ಯೆರವಡಾದಿಂದ ಗೋಡೆ ಕಟ್ಟುವ ಒಬ್ಬ ಗೌಂಡಿ ಮಗಳ ಲಗ್ನಪತ್ರಿಕೆ ಮಾಡಿಸಲು ಬಂದರು. ಯಾದಗಿರಿ ಕಡೆಯವರು. ಮರಾಠಿ, ಕನ್ನಡ ಎರಡೂ ಇರಬೇಕು, ಎರಡೂ ಒಂದೇ ಥರ ಚೆಂದ ಕಾಣಬೇಕು ಎಂದರು. ಮಾಲೀಕರು ಮರಾಠಿ ಪತ್ರಿಕೆಯ ಅಳತೆಯಲ್ಲೇ ಕನ್ನಡವನ್ನೂ ಕೂರಿಸು ಎಂದರು. ಎಡವಟ್ಟಾದದ್ದು ಅಲ್ಲೇ. ಮರಾಠಿ ಅಕ್ಷರ ತಲೆಗೆರೆಯಿಂದ ಜೋತುಬೀಳುತ್ತದೆ. ನಮ್ಮದು ಒತ್ತಕ್ಷರ ಇಳಿಬಿಟ್ಟು ಕಾಲು ಚಾಚುತ್ತದೆ. ಜಾಗ ಸಾಲದೆ ಹುಡುಗಿಯ ಹೆಸರಿನ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ನಾನು ತೋರಿಸಿದರೂ ಮಾಲೀಕರು ನಡೆಯುತ್ತದೆ ಎಂದುಬಿಟ್ಟರು.

ಮರುದಿನ ಗೌಂಡಿ ಮಾದರಿ ಪ್ರತಿಯನ್ನು ದೂರಕ್ಕೆ ಹಿಡಿದು, ಗೋಡೆ ನೆಟ್ಟಗಿದೆಯೋ ಎಂದು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು.

"ಅಕ್ಕಾರ, ಇದರ ಕಾಲು ಯಾಕ ಕಡದೀರಿ?" ಎಂದು ನನ್ನನ್ನು ಕೇಳಿದರು.

ಅವರು ಬೆರಳಿಟ್ಟ ಜಾಗ ನೋಡಿ, ಕನ್ನಡ ಬಾರದ ಮಾಲೀಕರು ಮರಾಠಿಯಲ್ಲಿ, "ನಿನಗೇನು ಓದಲಿಕ್ಕೆ ಬರುತ್ತದೆಯೇ?" ಎಂದು ನಕ್ಕರು.

"ಕೂಡ್ರಿ ಕಾಕಾ, ಈಗ ಸರಿಮಾಡಿ ಕೊಡ್ತೀನಿ" ಎಂದೆ.

ಸಾಲುಗಳ ನಡುವೆ ಜಾಗ ಬಿಟ್ಟೆ. ಒತ್ತಿನ ಬಾಲ ಅಂಚಿನ ಹೂಬಳ್ಳಿಗೆ ತಾಗಿತು. ಹಿಂದೆ ನಿಂತಿದ್ದ ಮಾಲೀಕರು ಬಾಲ ಮೊಟಕು ಮಾಡು ಎಂದರು. ನಾನು ಬಳ್ಳಿಯನ್ನೇ ಅಳಿಸಿದೆ. ಅದು ನಮ್ಮ ಅಂಗಡಿಯ ಗುರುತು ಎಂದು ಅವರು ರೇಗಿದರು. ಹಾಗಾದರೆ ನಾಳೆಯಿಂದ ಬೇರೆಯವರನ್ನು ಕೂರಿಸಿಕೊಳ್ಳಿ ಎಂದೆ. ಹೇಳಿದೆನೇ ಹೊರತು ಮೌಸ್ ಬಿಡಲಿಲ್ಲ.

ಹೊಸ ಪ್ರತಿಯ ಮೇಲೆ ಗೌಂಡಿ ಒತ್ತಿನ ತುದಿಯವರೆಗೂ ಬೆರಳಾಡಿಸಿದರು. ಎದ್ದು ಹೋಗಿ ಅದನ್ನು ಮಾಲೀಕರ ಮೇಜಿನ ಮೇಲಿಟ್ಟರು. ಅಷ್ಟು ಹೊತ್ತು ಅವರ ಜೊತೆ ಮರಾಠಿ ಆಡಿದ್ದವರು ಈಗ ಕನ್ನಡದಲ್ಲೇ ಹೇಳಿದರು:

"ಓದಾಕ ಬರಂಗಿಲ್ಲ, ಖರೆ. ನೋಡಾಕ ಬರ್ತದ್ರಿ. ನನ್ನ ಮಗಳ ಹೆಸರು ಹಿಂಗ ಪೂರಾ ಇರ್ಲಿ."

ಏನಂದರು ಎಂದು ಮಾಲೀಕರು ನನ್ನ ಮುಖ ನೋಡಿದರು. ನಾನು ಮರಾಠಿಗೆ ತಿರುಗಿಸಿ ಹೇಳಲಿಲ್ಲ. ಪತ್ರಿಕೆಯನ್ನು ಅಚ್ಚಿಗೆ ಕಳಿಸಿದೆ.