ಮೂರನೇ ಸುತ್ತಿನ ಸುಸ್ತು

ತೊಂಬತ್ತರ ದಶಕದ ಮಾತು. ಪೊಲೀಸ್ ಪೇದೆ ಕೆಲಸಕ್ಕೆ ಅದು ನನ್ನ ಕೊನೆಯ ಅವಕಾಶ. ಬರುವ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಓದಿನ ಭಯವಿರಲಿಲ್ಲ, ಓಟದ್ದೇ ಕಂಟಕ. ಕೆ.ಆರ್. ಪೇಟೆಯ ಕಾಲೇಜು ಮೈದಾನದಲ್ಲಿ ದಿನಾ ಓಡುತ್ತಿದ್ದೆ. ಎರಡು ಸುತ್ತು ಕುದುರೆ. ಮೂರನೆಯದಕ್ಕೆ 'ಅಯ್ಯೋ, ಇನ್ನೂ ಇಷ್ಟಿದೆಯಲ್ಲ' ಅಂತ ಒಂದು ಯೋಚನೆ ಬರುತ್ತಿತ್ತು. ಅದರ ಹಿಂದೆಯೇ ಕಾಲು ಕಲ್ಲಾಗುತ್ತಿತ್ತು.

ಅಪ್ಪನ ಪ್ರಕಾರ ಸುಸ್ತೆಂದರೆ ಹೊಟ್ಟೆಯ ಕಾಯಿಲೆ. 'ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ' ಅನ್ನುವುದನ್ನು ನಮ್ಮ ಕಡೆ ಯಾರೂ ಬರೀ ಗಾದೆ ಅಂದುಕೊಂಡಿಲ್ಲ, ಔಷಧಿ ಅಂದುಕೊಂಡಿದ್ದಾರೆ. ನಾನು ಸುಸ್ತಾಗಿ ಬಂದಷ್ಟೂ ಮುದ್ದೆ ದೊಡ್ಡದಾಗುತ್ತಿತ್ತು. ಅದೂ ಓಡಿ ಬಂದ ಮೇಲಲ್ಲ, ಓಡುವ ಮುಂಚೆ! ಜೊತೆಗೆ ಹುರುಳಿ ಸಾರು.

"ಕುದ್ರೆ ತಿನ್ನೋದು ಏನ್ಲಾ? ಉರ್ಳಿ ತಾನೆ? ಅದ್ಕೆ ಸುಸ್ತಾಯ್ತದಾ?"

ಕುದುರೆ ಮುದ್ದೆ ತಿನ್ನುವುದಿಲ್ಲ ಅಂತ ವಾದಿಸುವ ಧೈರ್ಯ ನನಗಿರಲಿಲ್ಲ.

ವಿಚಿತ್ರವೆಂದರೆ, ಇದೇ ನಾನು ದಿನಾ ಬೆಳಿಗ್ಗೆ ತುಂಬಿದ ಹಾಲಿನ ಕ್ಯಾನು ಹೆಗಲಿಗೇರಿಸಿ ತೋಟದಿಂದ ಊರ ಡೈರಿವರೆಗೆ ಓಡುತ್ತಿದ್ದೆ. ಬಾಗಿಲು ಹಾಕಿಬಿಟ್ಟರೆ ಹಾಲೆಲ್ಲ ಹಾಳು. ಆಗ ಸುಸ್ತು ನೆನಪಿಗೂ ಬರುತ್ತಿರಲಿಲ್ಲ.

ಆಯ್ಕೆಯ ದಿನ ಮುಂಜಾನೆಯೇ ಅಪ್ಪ ಮುದ್ದೆ ಉಣ್ಣಿಸಿ ಮಂಡ್ಯದ ಬಸ್ಸು ಹತ್ತಿಸಿದ. ಆಮೇಲೆ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನಿನ ಸಮೇತ ಮುಂದಿನ ಬಸ್ಸಿಗೆ ಬಂದು ಮೈದಾನದ ಬೇಲಿ ಹಿಡಿದು ನಿಂತ. ಎರಡು ಸುತ್ತು ಮುಗಿಯಿತು. ಯೋಚನೆ ಬಂತು. ಮುದ್ದೆ ಗಂಟಲಿಗೆ ಬಂತು. ಹಿಂದಿದ್ದವರೆಲ್ಲ ಮುಂದಾದರು. ನನಗೆ ಅಳುವೇ ಬಂತು.

ಅಪ್ಪ ಮುಚ್ಚಳದಿಂದ ಕ್ಯಾನಿಗೆ ಢಣಢಣ ಬಡಿದು ಅರಚಿದ: "ಲೇ, ಡೈರಿ ಬಾಗ್ಲು ಆಕ್ತಾವ್ರೆ ಕಣ್ಲಾ!"

ಕಾಲಿಗೆ ಮಂಡ್ಯ ಯಾವುದು, ಊರು ಯಾವುದು? ಹೆಗಲು ತಾನಾಗಿ ವಾಲಿತು, ಇಲ್ಲದ ಕ್ಯಾನನ್ನು ಬಲಗೈ ಹಿಡಿಯಿತು. ಓಟ ಮುಗಿಯುವ ಗೆರೆ ದಾಟಿ, ಗೇಟು ದಾಟಿ, ರಸ್ತೆಗೆ ಬಿದ್ದೆ. ಇನ್ಸ್‌ಪೆಕ್ಟರು ಸೀಟಿ ಊದುತ್ತ ಬೆನ್ನಟ್ಟಿ ಬಂದು ಹಿಡಿದರು.

"ನಿಲ್ಲಯ್ಯ, ಪಾಸಾಗಿದ್ದೀಯ!"

"ಬಾಗ್ಲು ಆಕ್ಬುಟ್ರಾ ಸಾ?" ಅಂದೆ ನಾನು.

ಕೆಲಸ ಸಿಕ್ಕಿತು. ಮೊದಲ ರಜೆಗೆ ಊರಲ್ಲಿ ಬಸ್ಸಿಳಿದಾಗ, ಅಪ್ಪ ಕ್ಯಾನು ಹೊತ್ತು ಏದುಸಿರು ಬಿಡುತ್ತ ಡೈರಿ ಕಡೆ ಓಡುತ್ತಿದ್ದ. ನಾನು ಹೋದರೆ ಆ ಓಟ ಯಾರ ಪಾಲಿಗೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಓಡಿಹೋಗಿ ಕ್ಯಾನಿಗೆ ಕೈ ಹಾಕಿದೆ.

"ನಿಧಾನ ಕಣಪ್ಪ, ಬಾಗ್ಲು ಇನ್ನೂ ತೆಗ್ದೇ ಅದೆ."

"ಅಂಗನ್ಬ್ಯಾಡ ಕಣ್ಲಾ," ಅಂದ ಅಪ್ಪ, ನಿಲ್ಲದೆ. "ಅಂಗಂದ್ರೆ ಸುಸ್ತಾಯ್ತದೆ."