ಮಂಜು ಬಗ್ಗೆ ನಾನು ಬರೆದದ್ದು

ಹೋದ ವರ್ಷ, ಕಾಲೇಜಿನ ಕೊನೆಯ ಪರೀಕ್ಷೆ ಮುಗಿದ ವಾರ. ನಾಗರಬಾವಿಯ ಬಾಡಿಗೆ ರೂಮಿನಲ್ಲಿ ನಾನೂ ಗೆಳೆಯ ಶಿವುವೂ ಒಂದು ಬ್ಲಾಗ್ ಶುರುಮಾಡಿದೆವು. ಕನ್ನಡ ಬರಹದ ತಪ್ಪು ತಿದ್ದುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ನಾವು ಕೆಲವರು ಕಟ್ಟುತ್ತಿದ್ದೆವು. ಯಾರು ಬೇಕಾದರೂ ಬಂದು ಕೈಜೋಡಿಸಬಹುದು. ಸಂಬಳವಿಲ್ಲ, ಮುಖಪರಿಚಯವೂ ಬೇಕಿಲ್ಲ. ಅದನ್ನು ಜನಕ್ಕೆ ತಿಳಿಸಲು ಈ ಬ್ಲಾಗ್. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬರುತ್ತಿದ್ದವನೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಬರಹವೇ ಖಾರವಾಗಿರಲಿ ಎಂದುಕೊಂಡೆ. ಮಂಜು ಎಂಬೊಬ್ಬರು ಇಡೀ ಪದಪಟ್ಟಿಯನ್ನು ಪರಿಶೀಲಿಸಿ ಕೊಡುತ್ತೇನೆ ಎಂದಿದ್ದರು. ತೀರಾ ನಿಧಾನವಾಗಿ 'ಪ' ಅಕ್ಷರದವರೆಗೆ ಬಂದು ನಿಂತುಬಿಟ್ಟರು. ನಾಲ್ಕು ಸಲ ಮೇಲ್ ಹಾಕಿದರೂ ಉತ್ತರವಿಲ್ಲ. ಮಾತು ಕೊಟ್ಟು ಮಾಯವಾಗುವವರ ಬಗ್ಗೆ ಬರೆಯುತ್ತಾ ಅವರನ್ನೇ ಉದಾಹರಣೆಯಾಗಿ ಕೊಟ್ಟೆ, ಪೂರ್ತಿ ಹೆಸರಿನೊಂದಿಗೆ.

ಹುಬ್ಬಳ್ಳಿಯ ಶಿವು ಬೇಡವೆಂದ. "ಹೆಸರ ಹಾಕಬ್ಯಾಡಲೇ. ಅವಂಗೇನಾಗೇತೋ ಯಾರಿಗ್ಗೊತ್ತು?"

"ಏನಾದ್ರೂ ಆಗಿದೆ ಅನ್ನೋಕೆ ನಿನ್ಹತ್ರ ಪುರಾವೆ ಇದ್ಯಾ ಮಗಾ?"

"ಇಲ್ಲ."

"ಮತ್ತೆ? ಉತ್ತರ ಕೊಡದೇ ಇದ್ರೆ ಒಪ್ಕೊಂಡ ಹಾಗೇ."

ಅವನು ಸುಮ್ಮನಾದ. ನಾನು ಪ್ರಕಟಿಸಿದೆ.

ಮೂರನೇ ದಿನ ಒಂದು ಮೇಲ್ ಬಂತು. ಬರೆದವರು ಮಂಜು ಅವರ ತಂಗಿ ಲತಾ. ಅಣ್ಣ ತೀರಿಕೊಂಡು ಎರಡು ತಿಂಗಳಾಯಿತು, ಎರಡೂ ಕಿಡ್ನಿ ಹೋಗಿದ್ದವು, ಡಯಾಲಿಸಿಸ್‌ಗೆ ಒಂದು ಕೈ ಕೊಟ್ಟು ಇನ್ನೊಂದರಲ್ಲಿ ಟೈಪ್ ಮಾಡುತ್ತಿದ್ದ, ಅದಕ್ಕೇ ನಿಧಾನ ಎಂದಿತ್ತು. ದಯವಿಟ್ಟು ಬರಹ ತೆಗೆಯಿರಿ ಎಂದು ಕೇಳಿದ್ದರು. ಬೈಗುಳ ಒಂದೂ ಇರಲಿಲ್ಲ.

ತಕ್ಷಣ ಅಳಿಸಿದೆ. ವಿಳಾಸ ಕೇಳಿಕೊಂಡು ಕ್ಷಮೆ ಕೇಳಲು ಹೋದೆ. ಕೆಂಗೇರಿ ಉಪನಗರ, ನಮ್ಮ ರೂಮಿನಿಂದ ಬೈಕಿನಲ್ಲಿ ಅರ್ಧ ಗಂಟೆಯೂ ಇಲ್ಲ.

ಬಾಗಿಲಲ್ಲೇ ಲತಾ ಮೆಲ್ಲಗೆ ಹೇಳಿದರು: "ಅಣ್ಣನ ಹೆಸರು ನೋಡಿದ್ ಖುಷೀಲಿ, ಏನು ಬರ್ದಿದಾರೆ ಅಂತ ಓದೋ ಮುಂಚೆನೇ ಅಮ್ಮಂಗೆ ಹೇಳ್ಬಿಟ್ಟೆ. ಹೊಗಳಿ ಬರ್ದಿದಾರೆ ಅಂದ್ಕೊಂಡಿದಾರೆ."

ಒಳಗೆ ಅವರ ತಾಯಿ ಕಾಫಿ ಕೊಟ್ಟು ಎದುರಿಗೆ ಕೂತರು. "ಫೋನಲ್ಲಿ ಅಕ್ಷರ ಕಾಣ್ಸಲ್ಲಪ್ಪ ನಂಗೆ. ಮಂಜು ಬಗ್ಗೆ ಬರ್ದಿದೀಯಲ್ಲ, ಓದಿ ಹೇಳು."

ಫೋನ್ ತೆಗೆದೆ. ಅದರಲ್ಲಿ ಏನೂ ಇರಲಿಲ್ಲ. ಆದರೂ ಅದನ್ನೇ ನೋಡುತ್ತಾ ಓದಿದೆ. ಮಂಜು ಒಂದೊಂದು ಪದವನ್ನೂ ನಿಘಂಟಿನಲ್ಲಿ ನೋಡಿ ತಿದ್ದುತ್ತಿದ್ದರೆಂದು, ಅಂಥ ಅಚ್ಚುಕಟ್ಟು ನಮ್ಮಲ್ಲಿ ಯಾರಿಗೂ ಇಲ್ಲವೆಂದು. ಅದಷ್ಟೂ ನಿಜ. ನಿಜವಾಗಿದ್ದೂ ನಾನು ಬರೆದಿರಲಿಲ್ಲ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು: "ಕೊನೇಲೂ ಅದೇ ಚಿಂತೆ ಅವನಿಗೆ. ಒಪ್ಕೊಂಡ ಕೆಲಸ ಮುಗ್ಸಿದ್ನಾ?"

ಲತಾ ತಲೆ ತಗ್ಗಿಸಿದರು.

"ಮುಗ್ಸಿದ್ರು ಅಮ್ಮ," ಎಂದೆ.

ವಾಪಸ್ಸು ಬಂದು ನಾನೂ ಶಿವುವೂ ಉಳಿದ ಅಕ್ಷರಗಳನ್ನು ಮುಗಿಸಲು ಕೂತೆವು. ಮೂರು ವಾರ ಹಿಡಿಯಿತು. ನಮಗೆ ಎರಡೆರಡು ಕೈ ಇದ್ದವು. ಪಟ್ಟಿಯ ಮೇಲೆ ಮಂಜು ಒಬ್ಬರದೇ ಹೆಸರಿದೆ. ಬ್ಲಾಗಿನ ಮೊದಲ ಬರಹ ಈಗ ಅವರ ಮನೆಯಲ್ಲಿ ನಾನು ಓದಿದ್ದೇ. ಅದರ ಕೆಳಗೆ, ಮೊದಲು ಏನು ಬರೆದಿದ್ದೆ ಎಂಬುದನ್ನೂ ಒಪ್ಪಿಕೊಂಡಿದ್ದೇನೆ.

ವಾದ ಮಾಡುವುದನ್ನು ಬಿಟ್ಟಿಲ್ಲ. ಆದರೆ ಎದುರಿಗಿದ್ದವರು ಸುಮ್ಮನಾದರೆ ಈಗ ಗೆದ್ದೆ ಅನ್ನಿಸುವುದಿಲ್ಲ. ಇವರಿಗೆ ಏನಾಗಿದೆಯೋ ಎಂದು ಭಯವಾಗುತ್ತದೆ.